ಮೇಜಿನ ಕೆಳಗೆ

ತೆಲಾವಿಯಲ್ಲಿ ಸೋದರತ್ತೆ ಎಟೆರಿಯ ಮದುವೆ.
ಮೇಜಿನ ಕೆಳಗೆ ಕೂತು
ಮೂವತ್ತೆಂಟು ಜೊತೆ ಬೂಟು ಎಣಿಸಿದ್ದೆ.
ಮೇಲಿನ ಮುಖಗಳಿಗಿಂತ ಅವೇ ವಾಸಿ,
‘ಯಾವ ಕ್ಲಾಸು, ಪುಟ್ಟೀ?’ ಅನ್ನುವುದಿಲ್ಲ.

ಮೇಲೆ, ದ್ರಾಕ್ಷಾರಸದ ಕೊಂಬು ಸುತ್ತು ಬರುತ್ತಿತ್ತು.
ಕೈಗೆ ಬಂದವರು ಎದ್ದುನಿಂತು ಮಾತಾಡಬೇಕು:
ಸತ್ತವರಿಗೆ, ಹುಟ್ಟುವವರಿಗೆ, ಬಳ್ಳಿಗೆ, ನೆಲಕ್ಕೆ.

ಅಪ್ಪನ ಸರದಿ.
ವಾರವಿಡೀ ಹಸುವಿನೆದುರು ಒಪ್ಪಿಸಿದ್ದೆಲ್ಲ
ಗಂಟಲಲ್ಲೇ ಗಂಟು.
ಅವನ ಎಡಮೊಣಕಾಲಿನ ನಡುಕ
ಕಂಡದ್ದು ನನಗೊಬ್ಬಳಿಗೇ.

ಹಿಡಿದುಕೊಂಡೆ.

ಬಹಳ ಹೊತ್ತಾದ ಮೇಲೆ ಅಂದ:
‘ಎಟೆರಿ, ಮನೆಯಲ್ಲಿ... ನಿನ್ನ ಚಮಚ
ಅಲ್ಲೇ ಇರುತ್ತೆ.’

ಅಷ್ಟೇ. ಯಾರೋ ಮೂಗೊರೆಸಿಕೊಂಡ ಸದ್ದು.
ಒಂದು ಬೂಟೂ ಅಲುಗಲಿಲ್ಲ.

ಆಮೇಲೆ ಮೇಜುಬಟ್ಟೆ ಸರಿಸಿ
ರೊಟ್ಟಿಯ ತುಂಡೊಂದು ಕೆಳಗಿಳಿಯಿತು.
ಹೊರಗೆ ಬಾ ಅನ್ನಲಿಲ್ಲ ಅಪ್ಪ.
ರೊಟ್ಟಿ ಇನ್ನೂ
ಅವನ ಬೆವರಿಗೆ ಒದ್ದೆ.