ಪೊಂ

ಡಿಸ್ಚಾರ್ಜ್ ಕಾಗದದಲ್ಲಿ ಹನ್ನೊಂದು ಸಾಲು.
ಮಾತ್ರೆ ಎರಡು, ರಾತ್ರಿ ಊಟದ ಮೇಲೆ.
ಮುಂದಿನ ಭೇಟಿ, ಸಹಿ, ಮೊಹರು.
ಬೆಳಿಗ್ಗೆ ಆರಕ್ಕೆ ಬೈನಾದ ಓಣಿಗೆ
ಪಾವಿನವನು ಹಾರ್ನ್ ಹಿಂಡುತ್ತ ಬರುತ್ತಾನೆ,
ಆಗ ಯಮನೂರ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾನೆ
ಅನ್ನುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ.
ಹುಲಿಗೆವ್ವ ಹೇಳಿದ್ದು, ಲಿಫ್ಟಿನ ಬಾಗಿಲಲ್ಲಿ:
"ಅಕ್ಕಾರ, ಮನಿಗಿ ಹೋಗೂದಂದ್ರ ಅಂಜಿಕಿ ಬರ್ತೈತ್ರಿ.
ಇಲ್ಲಿ ನೀವು ಆರು ಮಂದಿ ಇದ್ರಿ."

ನನ್ನ ಕೆಲಸ ಫೋನು ಮಾಡುವುದು.
ಶಾಲೆಗೆ ಮಾಡಿದೆ: ಸೀಟಿಲ್ಲ, ಜೂನಿನಲ್ಲಿ ಕೇಳಿ.
ಮಾತು ಕಲಿಸುವ ಟೀಚರಿಗೆ: ಗುರುವಾರ, ಮಡಗಾಂವಿಗೆ ಬಂದರೆ.
ಗುರುವಾರ ಹುಲಿಗೆವ್ವ ಮೀನಿನ ಜೆಟ್ಟಿಯಲ್ಲಿ ಬರ್ಫ ಹೊರುತ್ತಾಳೆ.
ಹಾಳೆಯ ಮೇಲೆ ಹೆಸರು ಹೊಡೆದು ಹೊಡೆದು
ಕೊನೆಗೆ ಬೇಕರಿಯ ನಂಬರು ಹುಡುಕಿದೆ.

ಇನಾಸ್ಯೊ ಎಂಬ ಪಾವಿನವನಿಗೆ
ನನ್ನ ಹರಕು ಕೊಂಕಣಿಯಲ್ಲಿ ಹಾರ್ನಿನ ವಿಷಯ.
ಬಹಳ ಹೊತ್ತು ಸುಮ್ಮನಿದ್ದ.
"ಹಾರ್ನಿಲ್ಲದೆ ಪಾವು ಹೇಗೆ ಮಾರಲಿ, ಬಾಯೇ?"
ಮಾರನೆಯ ದಿನ ಸೈಕಲ್ ನೂಕಿಕೊಂಡು
ಬಾಗಿಲು ಬಾಗಿಲು ತಟ್ಟಿದನಂತೆ.
ತಡವಾಯಿತೆಂದು ಓಣಿಯವರು
ಬೈದದ್ದು ಮಾತ್ರ ಹುಲಿಗೆವ್ವನನ್ನು.

ಹತ್ತನೆಯ ದಿನ ನಾನೇ ಹೋದೆ, ಫೈಲು ಹಿಡಿದು.
ಹುಡುಗ ಹೊಸ್ತಿಲಲ್ಲಿ ಕೂತು
ಚಪ್ಪಲಿ ಸಾಲಾಗಿ ಇಡುತ್ತಿದ್ದ,
ಎಡ, ಎಡ, ಎಡ.
ತಿರುವಿನಲ್ಲಿ ಸೈಕಲ್ ಕಂಡದ್ದೇ
ತಲೆಯೆತ್ತದೆ ಅಂದ:
ಪೊಂ.

ಎರಡು ಬಾಗಿಲು ತೆರೆದವು.
ಚಿಲ್ಲರೆ ಎಣಿಸುತ್ತಿದ್ದ ಹುಲಿಗೆವ್ವ
ಲೆಕ್ಕ ತಪ್ಪಿ ನಿಂತಳು.
ಇನ್ನೊಮ್ಮೆ ಅನ್ನಪ್ಪಾ ಎಂದೆವು. ಅನ್ನಲಿಲ್ಲ.
ಬಿಸಿ ಪಾವನ್ನು ಕೈಯಿಂದ ಕೈಗೆ ಬದಲಿಸುತ್ತ
ನಾನು ಶಾಲೆಗೆ ಮತ್ತೆ ಫೋನು ಹಚ್ಚಿದೆ.
ಗಂಟೆ ಏಳೂ ಆಗಿರಲಿಲ್ಲ,
ರಿಂಗಾಗುತ್ತಲೇ ಇತ್ತು.