ಉಪ್ಪು ಇಟ್ಟವರು

ಮಿರಗದಾಗ ಉಪ್ಪು ಇಡಬಾರದು, ಅಂತಿದ್ದ ಅಪ್ಪ.
ಮಳಿನೇ ನೆಕ್ಕಿ ಹೋಗ್ತದ, ಚಿಗರಿಗಿ ಏನೂ ಉಳಿಯಂಗಿಲ್ಲ.
ಸ್ವಾತಿ ದಾಟಲಿ. ಜ್ವಾಳ ಮೊಣಕಾಲಮಟ ಬರಲಿ,
ಹಳ್ಳದ ನೀರು ಗುಂಡಿಗಿ ಇಳೀಲಿ.
ಆಮ್ಯಾಲ ಐದು ಸೇರು ಕಲ್ಲುಪ್ಪು,
ಒಂದು ಹಿಡಿ ಒಲಿ ಬೂದಿ,
ಕೆಮ್ಮಣ್ಣಿನ ದಿಬ್ಬ ನೋಡಿ, ಗಾಳಿ ಯಾ ಕಡಿದು ನೋಡಿ.

ಇಟ್ಟು ಬಂದ ಮ್ಯಾಲ ಆ ಕಡಿ ಹಾಯಬ್ಯಾಡ.
ನಿನ್ನ ಬೀಡಿ ವಾಸನಿ, ನಿನ್ನ ಬೆವರಿನ ವಾಸನಿ
ಮಣ್ಣಿನಿಂದ ಹೋಗ್ಲಾಕ ವಾರ ಬೇಕು.
ಏಳನೇ ದಿನ ಗೊರಸು.
ಒಂಬತ್ತಕ್ಕ ನಾಲಿಗಿ.
ನಾಲಿಗಿ ಗುರ್ತು ಹ್ಯಾಂಗಿರ್ತದ ಅಂದ್ರ
ಅವ್ವ ಆಗ ತಾನೇ ಸಾರಿಸಿದ ನೆಲದ ಮ್ಯಾಲ
ಹೆಬ್ಬೆರಳು ಎಳದು ತೋರಸ್ತಿದ್ದ.
ಅಮಾಸಿ ಲೆಕ್ಕ ಮಾತ್ರ ಅವರು ನೋಡ್ಕೋತಿದ್ರು.

ಅವರು ಅಂದ್ರ ವಾಡೇದ ದೇಶಮುಖರು,
ಅವರ ಜೀಪು, ಜೀಪಿನ ನೆತ್ತಿ ಮ್ಯಾಲಿನ ಲೈಟು,
ಜಹೀರಾಬಾದಿನಿಂದ ಬರ್ತಿದ್ದ ಬೀಗರು.
ಅಪ್ಪನ ಕೈಯಾಗ ಬಂದೂಕು ಯಾವತ್ತೂ ಇರಲಿಲ್ಲ.
ಜೀಪು ಹೊಂಡೋ ಹೊತ್ತಿಗಿ ಅಂವ ಮನ್ಯಾಗ,
ಕಂಬಳಿ ತಲಿತುಂಬ ಹೊಚಗೊಂಡು.
ಢಂ ಅಂದ್ರ ಎಣಸ್ತಿದ್ದ.
ಒಂದು.
ಸುಮ್ಮಾಗ್ತಿದ್ದ. ಎರಡು.
ಮುಂಜಾನಿ ಹನ್ನೆರಡು ರೂಪಾಯಿ,
ಮುತ್ತಲ ಎಲ್ಯಾಗ ಕಟ್ಟಿದ ಪಾಲು.
ನಾನೂ ಉಂಡೀನಿ. ರುಚಿ ಇತ್ತು, ಸುಳ್ಳ್ಯಾಕ ಹೇಳ್ಲಿ.

"ನಾ ಒಂದು ಜೀವಾ ಕೊಂದಂವಲ್ಲ," ಅಂತ ನಮ್ಮಪ್ಪ ಝರೆಪ್ಪ
ಚಿಂಚೋಳಿ ಬಸ್ ಸ್ಟ್ಯಾಂಡಿನ ಹೋಟೆಲದಾಗ
ಸುಸಲಾ ಮುಂದಿಟಗೊಂಡು ಎಷ್ಟು ಸರ್ತಿ ಅಂದಾನೋ.
"ಉಪ್ಪು ಅಂಗಡ್ಯಾಗ ಮಾರ್ತಾರ.
ಉಪ್ಪಿಗಿ ಎಲ್ಲರೆ ಕೇಸ್ ಅದಾ?"
ಮಂದಿ ನಗ್ತಿದ್ರು. ಅಂವ ಇನ್ನೊಂದು ಚಾ ಹೇಳ್ತಿದ್ದ.

ನಾ ಈಗ ಅದೇ ಅಡವ್ಯಾಗ ದಿನಗೂಲಿ ವಾಚರ್.
ಟ್ರೇನಿಂಗಿನಾಗ ಸುವರ್ಣಾ ಮೇಡಂ ಕಾಯ್ದೆ ಓದಿ ಹೇಳಿದ್ರು:
ಬೇಟೆ ಅಂದ್ರ ಕೊಲ್ಲೋದು, ಹಿಡಿಯೋದು,
ಬೆನ್ನಟ್ಟೋದು, ಉರುಲು ಹಾಕೋದು,
ಇಲ್ಲೀತನ ನಾ ಬರಕೋತ ಬಂದಿದ್ದೆ,
ಆಮಿಷ ಒಡ್ಡೋದು.
ಪೆನ್ನು ನಿಂತಿತು.
ಅಲ್ಪವಿರಾಮದ ಆಚಿ ಬಾಜೂಕ
ನಮ್ಮಪ್ಪ ಕುಂತಿದ್ದ, ಕಂಬಳಿ ಹೊಚಗೊಂಡು.

ಉಪ್ಪು ಉಂಡ ಮನಿಗಿ ಎರಡು ಬಗೀಬ್ಯಾಡ ಅಂತಾರ.
ಉಪ್ಪು ತಿಂದಂವ ನೀರು ಕುಡೀಲೇಬೇಕು ಅಂತಾರ.
ಉಂಡವರಿಗಿ ಗಾದಿ ಬೇಕಾದಷ್ಟು ಅವ.
ಇಟ್ಟವರಿಗಿ ಒಂದಾರೆ ಅದಾ ಅಂತ
ಅವ್ವನ್ನ ಕೇಳಿದೆ.
ಅಕಿ ಡಬ್ಬಿ ಮುಚ್ಚಳ ಹಾಕಿ ಒಳಗ ಹೋದಳು.

ಈ ಸಲ ಸ್ವಾತಿ ಕಳದ ಮ್ಯಾಲ ಆರ್ಡರ್ ಬಂತು:
ಎಣಿಕಿಗಿ ಕ್ಯಾಮೆರಾ ಕಟ್ಟಬೇಕು,
ಕ್ಯಾಮೆರಾ ಮುಂದ ಉಪ್ಪು ಇಡಬೇಕು.
ಸಹಿ ಅದ, ಶಿಕ್ಕಾ ಅದ, ಹತ್ತು ಕಿಲೋಕ ಬಿಲ್ ಅದ.
ಕಾಗದ ಕಿಸೇದಾಗ ಮಡಚಿ ಇಟಗೊಂಡು
ಅದೇ ದಿಬ್ಬಕ್ಕ ಹೋದೆ. ಬ್ಯಾರೆ ಜಾಗ ನನಗೇನು ಗೊತ್ತು.
ಉಪ್ಪು ಸುರುವಿ, ಮ್ಯಾಲ ಒಂದು ಹಿಡಿ ಬೂದಿ ಹಾಕಿದೆ.
ಬೂದಿ ಆರ್ಡರಿನಾಗ ಇರಲಿಲ್ಲ.
ಇಳಕೋತ ಬರಬೇಕಾದ್ರ ಕಿಸೆ ಮುಟ್ಟಿ ಮುಟ್ಟಿ ನೋಡಿದೆ,
ಕಾಗದ ಅದನೋ ಇಲ್ಲೋ ಅಂತ.
ಚಿಗರಿಗಿ ಶಿಕ್ಕಾ ಓದ್ಲಾಕ ಬರಂಗಿಲ್ಲ.

ಅಪ್ಪಗ ಈಗ ಬಿ.ಪಿ. ಡಾಕ್ಟರ್ ಉಪ್ಪು ಬಿಡಿಸ್ಯಾರ.
ಸಪ್ಪನ ಗಂಜಿ ಮುಂದ ಕುಂತಂವಗ
ಫೋನಿನಾಗ ಫೋಟೋ ತೋರಿಸಿದೆ.
ಗಂಡು ಚಿಗರಿ. ತಿರುವಿದ ಕೊಂಬು. ನಾಲಿಗಿ ಹೊರಗ.
ಕಣ್ಣು ಎರಡೂ ಬೆಳ್ಳಗ, ಹೊಸಾ ಪಾವಲಿ ಹಂಗ.
ಫೋನು ದೂರ ಹಿಡದ, ಹತ್ರ ಹಿಡದ.
ಅಷ್ಟು ವರ್ಷ ಉಪ್ಪು ಇಟ್ಟಂವ
ಅದರ ಮಾರಿ ನೋಡಿದ್ದು ಇದೇ ಮೊದಲು.

"ಎಷ್ಟನೇ ದಿನಕ್ಕ ಬಂತು?"
"ಹನ್ನೊಂದಕ್ಕ."
ಎರಡು ಗುಟುಕು ಗಂಜಿ ನುಂಗಿದ.
"ನನ್ನವು ಒಂಬತ್ತಕ್ಕ ಬರ್ತಿದ್ವು," ಅಂದ,
ಅಂದು, ಗಂಗಾಳ ಸರಿಸಿ
ಗ್ವಾಡಿ ಕಡಿ ಮಾರಿ ತಿರುವಿದ.