ಕೆಜಿಗೆ ಎಂಟು ರೂಪಾಯಿ

"ಖರ್ಚೇನೂ ಇಲ್ಲ, ಪೆಟ್ರೋಲ್ ಹಾಕಿ, ಓಡಿಸಿ, ಅಷ್ಟೇ"
ಅಂದಿದ್ದ ಸದಾಶಿವನಗರದ ಮನುಷ್ಯ, ಕೀಲಿ ಕೊಡುವಾಗ
ನನ್ನ ಕಣ್ಣು ಬಿಟ್ಟು ಗೇಟಿನ ಕಡೆ ನೋಡುತ್ತಾ.
ಹನ್ನೊಂದು ವರ್ಷದ ಗಾಡಿ. ಎರಡೇ ಸೀಟು. ಕೆಂಪು,
ಬ್ಯಾಡಗಿ ಮೆಣಸಿನಕಾಯಿ ಆಗತಾನೆ ಪುಡಿಯಾಗಿ ಬಿದ್ದಂಥ ಕೆಂಪು.

ನನ್ನದು ಹನುಮಂತನಗರದಲ್ಲಿ ಹಿಟ್ಟಿನ ಗಿರಣಿ.
ರಾಗಿ ಬೀಸಲು ಕೆಜಿಗೆ ಎಂಟು ರೂಪಾಯಿ.
ನನಗೆ ಬೇರೆ ಲೆಕ್ಕ ಬರುವುದಿಲ್ಲ.
ಹದಿನಾಲ್ಕು ಲಕ್ಷ ಅಂದರೆ
ಒಂದು ಲಕ್ಷ ಎಪ್ಪತ್ತೈದು ಸಾವಿರ ಕೆಜಿ.
ಅದು ಅಪ್ಪನ ಸೈಟು ಮಾರಿ ಬಂದದ್ದು, ಬೀಸಿದ್ದಲ್ಲ,
ಅದಕ್ಕೇ ಹಗುರವಾಗಿ ಹೋಯಿತು.
ಆಮೇಲಿನದೆಲ್ಲ ಬೀಸಿಯೇ ಕೊಟ್ಟದ್ದು.

ಮೊದಲು ಟೈರು. ಹನ್ನೆರಡು ಸಾವಿರ ಕೆಜಿ.
ಆಮೇಲೆ ಕ್ಲಚ್ಚು.
ಕಲಾಸಿಪಾಳ್ಯದ ಜಬ್ಬಾರ್ ಮೇಸ್ತ್ರಿ ಗಾಡಿಯಡಿಯಿಂದ ಜಾರಿ ಬಂದು
ಬೆರಳು ಒರೆಸಿಕೊಳ್ಳುವಷ್ಟು ಹೊತ್ತೂ ಬಾಯಿ ಬಿಡಲಿಲ್ಲ.
ಡಾಕ್ಟರು ಸುಮ್ಮನಾದರೆ ಮನೆಯವರಿಗೆ ತಿಳಿಯುತ್ತದಲ್ಲ, ಹಾಗೆ ತಿಳಿಯಿತು.
"ಗಾಡಿಗೆ ವಯಸ್ಸಾಯ್ತು ಸ್ವಾಮಿ, ಬೆಲೆ ಇಳೀತು.
ಅದರ ಸಾಮಾನಿಗೆ ಮಾತ್ರ ವಯಸ್ಸೇ ಆಗಲ್ಲ."
ಇಪ್ಪತ್ತು ಟನ್ನು.

ನಮ್ಮ ಬೀದಿಯಲ್ಲಿ ಒಂಬತ್ತು ಹಂಪು. ಒಂದು ಕಾರ್ಪೊರೇಷನ್ನಿನದು,
ಎಂಟು ನಾವು ನಾವೇ ಹಾಕಿಕೊಂಡದ್ದು.
ಮೂರನೆಯದಕ್ಕೆ ಸಿಮೆಂಟು ಕೊಟ್ಟವನು ನಾನು.
ಅಲ್ಲಿಯೇ ಅದರ ಹೊಟ್ಟೆ ಮೊದಲು ಕೆರೆದದ್ದು.

ಗೋಧಿ ತಿನ್ನುತ್ತಿದ್ದ ಇಲಿ ವೈರಿನ ರುಚಿ ಕಂಡಿತು:
ಒಂದು ರಾತ್ರಿಯ ಊಟ, ನಾಲ್ಕು ಸಾವಿರ ಕೆಜಿ.

ಚಾಮರಾಜಪೇಟೆ ಸಿಗ್ನಲಿನಲ್ಲಿ
ಮುನ್ನೂರು ಕುದುರೆ ಕಟ್ಟಿಕೊಂಡು ಕೂತಿದ್ದೆ.
ಆಟೋದವನು ತಲೆ ಹೊರಗೆ ಹಾಕಿ,
"ಮೈಲೇಜ್ ಎಷ್ಟು ಕೊಡುತ್ತೆ ಅಣ್ಣಾ?"
ಐದು ಅಂದೆ.
ಕನಿಕರಪಟ್ಟು ದಾರಿ ಬಿಟ್ಟ.

ಇಲ್ಲ, ಒಂದು ಸಲ ಓಡಿಸಿದೆ.
ಬೆಳಗಿನ ನಾಲ್ಕೂವರೆ, ನೈಸ್ ರಸ್ತೆ, ಮುಂದೆ ಯಾರೂ ಇಲ್ಲ.
ಮೂವತ್ತು ವರ್ಷದ ಹಿಟ್ಟು ಮೈಯಿಂದ ಹಾರಿಹೋದ ಹಾಗಾಯಿತು.
ಹನ್ನೊಂದು ನಿಮಿಷ.
ಯಾವ ತಕ್ಕಡಿಗೆ ಹಾಕಬೇಕೋ ತೋಚದೆ
ಲೆಕ್ಕಕ್ಕೆ ಸೇರಿಸಿಲ್ಲ.

ಲೆಕ್ಕ ಬರೆಯುವವಳು ವಿಮಲಾಕ್ಷಿ,
ಹಾಲಿನ ಪುಸ್ತಕದ ಹಿಂದಿನ ಪುಟಗಳಲ್ಲಿ.
ಬೈದವಳಲ್ಲ. ಒಂದೇ ಸಲ,
"ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು" ಅಂದು, ಕೂಡಿ, ಗೆರೆ ಎಳೆದಳು.
ಹತ್ತಿದವಳೂ ಅಲ್ಲ: "ಅಷ್ಟು ಕೆಳಗೆ ಕೂತರೆ ನನ್ನ ಮಂಡಿ ಏಳಲ್ಲ."

ನೆನ್ನೆ ತಾನಾಗಿ ಬಂದಳು. ಜರತಾರಿ ಸೀರೆ ಬೇರೆ.
ಕೈ ಹಿಡಿದು ಕೂರಿಸಿದೆ. ಬಾಗಿಲು ಮುಚ್ಚಿದೆ.
ಕೀಲಿ ತಿರುಗಿಸಿದರೆ, ಟಿಕ್.
ಇನ್ನೊಮ್ಮೆ. ಟಿಕ್.
ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.
ಅಷ್ಟರಲ್ಲಿ ಗೋಡೆಯಾಚೆ ಮಾದೇಶ ಗಿರಣಿ ಹಾಕಿದ.
ನೆಲ ಅದುರಿತು, ಸೀಟು ಅದುರಿತು,
ಕನ್ನಡಿಯಲ್ಲಿ ಬೀದಿ ಮೆಲ್ಲಗೆ ನಡುಗತೊಡಗಿತು.
"ಹೊರಟಿತಾ?" ಅಂದಳು, ಸೆರಗು ಸರಿಮಾಡಿಕೊಂಡು.
ನಾನು ಎರಡನೇ ಗೇರಿಗೆ ಹಾಕಿದೆ.

"ಅಣ್ಣಾ, ರಾಗಿ ಮುಗೀತು, ಆರಿಸಲಾ?"

ಕಾಳಿಲ್ಲದೆ ಓಡಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ,
ನನಗೆ ಗೊತ್ತಿಲ್ಲದ್ದಲ್ಲ.
"ಬೇಡವೋ" ಅಂದೆ, "ಇನ್ನೊಂಚೂರು ಓಡಲಿ."